ದೂರ ಮತ್ತು ದೂರು

ಉರ್ದುವಿನಲ್ಲಿ 'ದೂರ್' ಎಂದರೂ ಕನ್ನಡದಲ್ಲಿ 'ದೂರ' ಎಂದರೂ ಅರ್ಥ ಒಂದೇ. ಫಾರಸಿಯ ಮೂಲಕ ಅಲ್ಲಿಗೆ ಬಂದ ಪದವೂ ಸಂಸ್ಕೃತದ ಮೂಲಕ ಇಲ್ಲಿಗೆ ಬಂದ ಪದವೂ ಒಂದೇ ಹಳೆಯ ಬೇರಿನ ಎರಡು ಕೊಂಬೆಗಳು. ಆದರೆ ಕನ್ನಡಕ್ಕೆ ಒಂದು ವಿಶೇಷವಿದೆ. ಈ ಪದದ ತುದಿಗೆ ಒಂದು ಉಕಾರ ಸೇರಿದರೆ ಸಾಕು, ಅದು 'ದೂರು' ಆಗಿಬಿಡುತ್ತದೆ. ಗಲ್ಫಿಗೆ ಮಕ್ಕಳನ್ನು ಕಳುಹಿಸಿದ ನಮ್ಮ ಕರಾವಳಿಯ ಮನೆಗಳಲ್ಲಿ ಈ ಎರಡು ಪದಗಳು ಅಷ್ಟೇ ಹತ್ತಿರದಲ್ಲಿವೆ. "ನಾಲ್ಕು ಗಂಟೆಯ ದಾರಿ, ಬರಲಾಗಲಿಲ್ಲವೇ?" ಎಂಬ ಮಾತನ್ನು ನಾವು ಮದುವೆಯ ಚಪ್ಪರದಲ್ಲಿ ಕೇಳಿದ್ದೇವೆ, ಆಸ್ಪತ್ರೆಯ ವರಾಂಡದಲ್ಲಿ ಕೇಳಿದ್ದೇವೆ, ಕಬರಸ್ತಾನದಿಂದ ಹಿಂದಿರುಗುವ ಹಾದಿಯಲ್ಲಂತೂ ಹಲವು ಬಾರಿ ಕೇಳಿದ್ದೇವೆ.

ಈ ನಾಲ್ಕು ಗಂಟೆಯ ಲೆಕ್ಕ ಸುಳ್ಳಲ್ಲ. ಮಂಗಳೂರಿನ ವಿಮಾನ ನಿಲ್ದಾಣದಿಂದ ದುಬೈ ವಿಮಾನ ನಿಲ್ದಾಣಕ್ಕೆ ಭೂಗೋಳದ ಮೇಲೆ ಅತಿ ಹತ್ತಿರದ ಗೆರೆ ಎಳೆದರೆ ಅದರ ಉದ್ದ ಸುಮಾರು 2,460 ಕಿಲೋಮೀಟರ್. ಆ ಗೆರೆಯ ಬಹುಭಾಗ ಅರಬ್ಬಿ ಸಮುದ್ರದ ಮೇಲೆಯೇ ಹಾದು, ಒಮಾನಿನ ನೆಲ ದಾಟಿ ದುಬೈ ಸೇರುತ್ತದೆ. ಗಂಟೆಗೆ 800 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಹಾರುವ ವಿಮಾನಕ್ಕೆ ಇದು ಮೂರು ಗಂಟೆಯ ದಾರಿ. ಆದರೆ ವಿಮಾನ ನಕ್ಷೆಯ ಗೆರೆಯ ಮೇಲೆ ಹಾರುವುದಿಲ್ಲ. ಅದಕ್ಕೆ ಆಕಾಶದಲ್ಲಿ ಗೊತ್ತುಮಾಡಿದ ದಾರಿಗಳಿವೆ, ಏರಲು ಇಳಿಯಲು ಸಮಯ ಬೇಕು, ನೆಲದ ಮೇಲೆ ತನ್ನ ಸರದಿಗಾಗಿ ಕಾಯಬೇಕು. ಹೀಗೆ ಎಲ್ಲ ಸೇರಿ ಮೂರೂವರೆಯಿಂದ ನಾಲ್ಕು ಗಂಟೆ. ಚಳಿಗಾಲದಲ್ಲಿ ಎತ್ತರದ ಪಶ್ಚಿಮದ ಗಾಳಿ ಬೆನ್ನಿಗೆ ಸಿಕ್ಕಿದರೆ ಊರಿಗೆ ಬರುವ ಹಾರಾಟ ಇನ್ನೂ ಬೇಗ ಮುಗಿಯುತ್ತದೆ. ಹೋಗುವ ದೂರ ಬರುವ ದೂರ ಒಂದೇ ಆದರೂ ಹೋಗುವ ಹೊತ್ತು ಬರುವ ಹೊತ್ತು ಒಂದೇ ಅಲ್ಲ.

ಗಡಿಯಾರ ಇನ್ನೊಂದು ಆಟ ಆಡುತ್ತದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ ಇದೆ. ಬೆಳಿಗ್ಗೆ ಎಂಟಕ್ಕೆ ಮಂಗಳೂರು ಬಿಟ್ಟವನು ಅಲ್ಲಿಯ ಹತ್ತೂಕಾಲಕ್ಕೆ ಇಳಿಯುತ್ತಾನೆ. ಎರಡೇ ಗಂಟೆಯಲ್ಲಿ ಬಂದೆನಲ್ಲ ಎಂದು ಹೊಸಬ ಬೆರಗಾಗುತ್ತಾನೆ. ಮರಳುವಾಗ ಆ ಒಂದೂವರೆ ಗಂಟೆಯನ್ನು ಗಡಿಯಾರ ಚುಕ್ತಾ ಮಾಡಿಸಿಕೊಳ್ಳುತ್ತದೆ. ಸೂರ್ಯನ ಲೆಕ್ಕವೇ ಬೇರೆ. ರೇಖಾಂಶದ ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಎರಡು ಊರುಗಳ ಮಧ್ಯಾಹ್ನಗಳ ನಡುವೆ ಇರುವ ಅಂತರ ಒಂದೂಕಾಲು ಗಂಟೆಗೆ ಸ್ವಲ್ಪ ಹೆಚ್ಚು ಮಾತ್ರ. ಅಂದರೆ ಎರಡು ಊರುಗಳ ನಡುವೆ ನಕ್ಷೆಯದೊಂದು, ಯಂತ್ರದ್ದೊಂದು, ಗಡಿಯಾರದ್ದೊಂದು, ಸೂರ್ಯನದೊಂದು ಎಂದು ನಾಲ್ಕು ಬಗೆಯ ಅಂತರಗಳಿವೆ. ನಾಲ್ಕೂ ನಿಜವೇ. ಆದರೆ "ಬರಲಾಗಲಿಲ್ಲವೇ?" ಎಂದು ಕೇಳುವವರು ಯಾವ ದೂರದ ಬಗ್ಗೆ ಕೇಳುತ್ತಿದ್ದಾರೆ? ನಮ್ಮ ಪ್ರಶ್ನೆ ಅದು.

ಉರ್ದುವಿನಲ್ಲಿ 'ಉಜ್ರ್' ಮತ್ತು 'ಬಹಾನಾ' ಎಂಬ ಎರಡು ಮಾತುಗಳಿವೆ. ಉಜ್ರ್ ಎಂದರೆ ಒಪ್ಪತಕ್ಕ ಕಾರಣ, ಬಹಾನಾ ಎಂದರೆ ನೆಪ. ದೂರ ಎಂಬುದು ಯಾವಾಗ ಉಜ್ರ್, ಯಾವಾಗ ಬಹಾನಾ? ಹಿಂದಿನವರಿಗೆ ಈ ಪ್ರಶ್ನೆ ಅಷ್ಟಾಗಿ ಕಾಡಿರಲಿಕ್ಕಿಲ್ಲ. ಅವರ ಪರವಾಗಿ ಸಮುದ್ರವೇ ಸಾಕ್ಷಿ ಹೇಳುತ್ತಿತ್ತು.

ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ನಮ್ಮ ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿದ್ದ. ಇಂದಿನ ಟ್ಯುನೀಷಿಯಾದ ಮಹ್ದಿಯಾ ಅವನ ಊರು. 1132ರ ಸುಮಾರಿಗೆ ಅವನು ಇಲ್ಲಿದ್ದ, 1149ರಲ್ಲಿ ಏಡನ್‌ಗೆ ಹಿಂದಿರುಗಿದ. ಅವನ ಪತ್ರಗಳು ಕೈರೋದ ಒಂದು ಹಳೆಯ ಸಿನಗಾಗ್‌ನ ಕಾಗದದ ಕೋಣೆಯಲ್ಲಿ ಉಳಿದು ನಮ್ಮ ಕಾಲಕ್ಕೆ ಸಿಕ್ಕಿದವು. ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಈತನ ಮತ್ತು ಈತನ ಸೇವಕ ಬೊಮ್ಮನ ಕಥೆಯನ್ನು ಹುಡುಕಿಕೊಂಡು ಮಂಗಳೂರಿನವರೆಗೆ ಬಂದರು. ಮಂಗಳೂರಿನಲ್ಲಿದ್ದಾಗ ಬೆನ್ ಯಿಜುಗೆ ಬರೆಯುವ ಕಾಗದವೂ ಏಡನ್‌ನಿಂದಲೇ ಬರಬೇಕಿತ್ತು. ಹಡಗುಗಳು ಗಾಳಿಯ ಗುಲಾಮರು. ಗಾಳಿ ತಿರುಗುವವರೆಗೆ ಒಂದು ಮಾತಿಗೆ ಉತ್ತರ ಬರುತ್ತಿರಲಿಲ್ಲ. ಅವನು ಏಡನ್‌ಗೆ ಮರಳುವ ಹೊತ್ತಿಗೆ ನಾರ್ಮನ್ನರು ಮಹ್ದಿಯಾವನ್ನು ಗೆದ್ದಾಗಿತ್ತು, ಒಡಹುಟ್ಟಿದವರು ಚದುರಿಹೋಗಿದ್ದರು. ಆದರೂ ಅವನು ಅವರನ್ನು ಹುಡುಕಿ ಪತ್ರ ಬರೆದ, ತನ್ನ ಮಗಳನ್ನು ಅಣ್ಣತಮ್ಮಂದಿರ ಮಕ್ಕಳಲ್ಲೊಬ್ಬನಿಗೆ ಕೊಡಬೇಕೆಂದು ಹಂಬಲಿಸಿದ.

ಇಷ್ಟು ವರ್ಷ ಊರಿಗೆ ಹೋಗದ ಬೆನ್ ಯಿಜುವನ್ನು ನಾವು ಕೆಟ್ಟ ಮಗ, ಕೆಟ್ಟ ತಮ್ಮ ಎನ್ನಬಹುದೇ? ಯಾರೂ ಅನ್ನಲಾರರು. ಸುಮಾರು ಇನ್ನೂರು ವರ್ಷಗಳ ನಂತರ ಇಲ್ಲಿಗೆ ಬಂದ ಇಬ್ನ್ ಬತೂತಾ ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರನ್ನು ಕಂಡುದಾಗಿ ಬರೆದಿದ್ದಾನೆ. ಫಾರಸ್ ಮತ್ತು ಯಮನ್‌ನ ವ್ಯಾಪಾರಿಗಳು ಇಳಿಯುವ ರೇವು ಇದು ಎಂದಿದ್ದಾನೆ. ಅವರಲ್ಲಿ ಎಷ್ಟು ಜನರ ತಾಯಂದಿರು ಮಗನ ಮುಖ ಕಾಣದೆ ತೀರಿಕೊಂಡಿದ್ದರೋ. ಸುದ್ದಿ ಮುಟ್ಟುವಾಗ ಕಬರಿನ ಮೇಲೆ ಹುಲ್ಲು ಬೆಳೆದಿರುತ್ತಿತ್ತು. ದುಃಖ ಇತ್ತು, ದೂರು ಇರಲಿಲ್ಲ.

ಈಗ ಸುದ್ದಿ ಕ್ಷಣದಲ್ಲಿ ಮುಟ್ಟುತ್ತದೆ. ಎಪ್ಪತ್ತರ ದಶಕದಲ್ಲಿ ನಮ್ಮವರು ಗಲ್ಫಿಗೆ ಹೊರಟಾಗ ಬಸ್ಸಿನಲ್ಲಿ ಮುಂಬಯಿ ಸೇರಿ, ಮುಸಾಫಿರ್‌ಖಾನೆಯಲ್ಲೋ ಊರಿನವರ ಕೋಣೆಯಲ್ಲೋ ದಿನಗಟ್ಟಲೆ ಕಾದು, ಆಮೇಲೆ ಹಡಗೋ ವಿಮಾನವೋ ಹತ್ತಬೇಕಿತ್ತು. ಮಂಗಳೂರಿನ ಬಜ್ಪೆಯಲ್ಲಿ ವಿಮಾನ ನಿಲ್ದಾಣ 1951ರಲ್ಲೇ ಆಗಿದ್ದರೂ ಅಲ್ಲಿಂದ ನೇರವಾಗಿ ದುಬೈಗೆ ಹಾರುವ ಸೌಕರ್ಯ ಬಂದದ್ದು 2006ರಲ್ಲಿ. ಅಂದಿನಿಂದ ಮಾತಿನ ಧಾಟಿಯೇ ಬದಲಾಯಿತು. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬರುವ ಮಗನಿಗಿಂತ ದುಬೈಯಿಂದ ಬರುವ ಮಗ ಬೇಗ ಮನೆ ಮುಟ್ಟುತ್ತಾನೆ ಎಂದು ಜನ ಅಭಿಮಾನದಿಂದ ಹೇಳಿದರು. ಈ ಅಭಿಮಾನದ ಜೊತೆಯಲ್ಲೇ ಒಂದು ಹೊಸ ನಿರೀಕ್ಷೆಯೂ ಹುಟ್ಟಿತು, ನಿರೀಕ್ಷೆಯ ಹಿಂದೆಯೇ ದೂರು ಬಂತು.

ನಾವು ಬಲ್ಲ ಒಂದು ಊರಿನಲ್ಲಿ ಹೀಗಾಯಿತು. ಒಬ್ಬ ತಾಯಿ ನಸುಕಿನಲ್ಲಿ ತೀರಿಕೊಂಡರು. ಕಿರಿಯ ಮಗ ದುಬೈಯಲ್ಲಿ. ಮಯ್ಯಿತ್ತನ್ನು ವಿಳಂಬ ಮಾಡದೆ ದಫನ್ ಮಾಡಬೇಕೆಂಬುದು ನಮ್ಮ ಧರ್ಮದ ಬೋಧನೆ. ಮಸೀದಿಯ ಅಂಗಳದಲ್ಲಿ ಚರ್ಚೆ ಶುರುವಾಯಿತು. "ನಾಲ್ಕು ಗಂಟೆಯ ದಾರಿ, ಕಾಯೋಣ" ಎಂದರು ಕೆಲವರು. "ಸುನ್ನತ್ತಿಗೆ ವಿರುದ್ಧ" ಎಂದರು ಇನ್ನು ಕೆಲವರು. ಲುಹರ್ ನಮಾಜಿನವರೆಗೆ ಕಾಯುವುದೆಂದಾಯಿತು, ನಂತರ ಅಸರ್‌ವರೆಗೆ. ಅತ್ತ ಮಗ ವಿಮಾನದ ಹೊತ್ತನ್ನು ಕೇಳುತ್ತಿರಲಿಲ್ಲ. ಮೊದಲು ಮಾಲೀಕನನ್ನು ಹುಡುಕಬೇಕಿತ್ತು. ಪಾಸ್‌ಪೋರ್ಟ್ ಕಚೇರಿಯ ಕಪಾಟಿನಲ್ಲಿತ್ತು, ಕಪಾಟಿನ ಕೀಲಿ ಇನ್ನೊಬ್ಬನ ಬಳಿ ಇತ್ತು, ಅಂದು ರಜಾದಿನ. ಅಸರ್ ಆದ ಮೇಲೆ ಜನಾಜಾ ಎದ್ದಿತು. ಮಗ ಮೂರನೆಯ ದಿನ ಬಂದ. ಅವನನ್ನು ಅಪ್ಪಿಕೊಂಡು ಅತ್ತವರಲ್ಲಿ ಕೆಲವರು ಹಿಂದಿನಿಂದ ಹೇಳಿದ ಮಾತೂ ಅದೇ, ನಾಲ್ಕು ಗಂಟೆಯ ದಾರಿ.

ಆ ಮಾತು ಹೇಳಿದವರು ವಿಮಾನದ ದೂರವನ್ನು ಮನುಷ್ಯನ ದೂರವೆಂದು ತಿಳಿದಿದ್ದರು. ಇದು ಸಣ್ಣ ತಪ್ಪಲ್ಲ. ಇದನ್ನು ಬಿಡಿಸಿ ನೋಡಲು ನಮ್ಮ ಫಿಖ್‌ಹ್ ಶಾಸ್ತ್ರದಿಂದ ಸ್ವಲ್ಪ ಸಹಾಯ ಸಿಗುತ್ತದೆ.

ಪ್ರಯಾಣದಲ್ಲಿರುವವನಿಗೆ ಇಸ್ಲಾಮ್ ವಿನಾಯಿತಿ ಕೊಟ್ಟಿದೆ. ನಾಲ್ಕು ರಕಅತ್‌ನ ನಮಾಜನ್ನು ಎರಡಕ್ಕೆ ಇಳಿಸಬಹುದು, ರಮಜಾನಿನ ಉಪವಾಸವನ್ನು ಬೇರೆ ದಿನಕ್ಕೆ ಮುಂದೂಡಬಹುದು. ಎಷ್ಟು ದೂರ ಹೋದರೆ ಈ ವಿನಾಯಿತಿ? ಹನಫಿಗಳು ಹಿಂದೆ ಮೂರು ದಿನದ ನಡಿಗೆಯ ದಾರಿ ಎಂದರು, ನಂತರದ ಉಲಮಾಗಳು ಅದನ್ನು ಸುಮಾರು 48 ಮೈಲಿ, ಅಂದರೆ 77 ಕಿಲೋಮೀಟರ್ ಎಂದು ಲೆಕ್ಕಹಾಕಿದರು. ನಮ್ಮ ಕರಾವಳಿಯ ಬಹುಪಾಲು ಜನ ಅನುಸರಿಸುವ ಶಾಫಿಈ ಪಂಥದಲ್ಲಿ ಎರಡು ಮಂಜಿಲ್‌ಗಳ ದೂರ, ಹೆಚ್ಚುಕಡಿಮೆ ಅಷ್ಟೇ. ವಿಮಾನ ಬಂದಾಗ ಪ್ರಶ್ನೆ ಎದ್ದಿತು. ಮೂರು ದಿನದ ದಾರಿಯನ್ನು ಹತ್ತು ನಿಮಿಷದಲ್ಲಿ ದಾಟುವವನಿಗೆ, ತಂಪು ಗಾಳಿಯಲ್ಲಿ ಕುಳಿತು ಊಟ ಮಾಡುತ್ತ ಹೋಗುವವನಿಗೆ ವಿನಾಯಿತಿ ಏಕೆ? ಉಲಮಾಗಳ ಉತ್ತರ ವಿವೇಕದ್ದಾಗಿತ್ತು. ವಿನಾಯಿತಿಯ ಹಿಂದಿನ ಉದ್ದೇಶ ಕಷ್ಟವನ್ನು ಹಗುರ ಮಾಡುವುದು, ನಿಜ. ಆದರೆ ಕಷ್ಟವನ್ನು ಅಳೆಯುವ ಕೋಲು ಇಲ್ಲ. ಒಬ್ಬನಿಗೆ ಕಷ್ಟವಾದದ್ದು ಇನ್ನೊಬ್ಬನಿಗೆ ಆಟ. ಆದ್ದರಿಂದ ನಿಯಮವನ್ನು ಅಳೆಯಬಹುದಾದ ದೂರಕ್ಕೆ ಕಟ್ಟಿದ್ದಾರೆ. ಪ್ರಯಾಣವಿದ್ದರೆ ವಿನಾಯಿತಿ ಇದೆ, ಎಷ್ಟು ಬೆವರು ಸುರಿಯಿತೆಂದು ಯಾರೂ ಕೇಳುವುದಿಲ್ಲ.

ಕಾನೂನಿನ ಈ ಔದಾರ್ಯ ದೊಡ್ಡದು. ಅದು ಪ್ರಯಾಣಿಕನ ಮೇಲೆ ಅನುಮಾನ ಪಡುವುದಿಲ್ಲ. ನಾವು ನಮ್ಮ ಬಂಧುಗಳ ವಿಷಯದಲ್ಲಿ ಮಾಡುವುದು ಇದಕ್ಕೆ ತದ್ವಿರುದ್ಧ. ಕಿಲೋಮೀಟರನ್ನು ಗಂಟೆಯಾಗಿ ಇಳಿಸಿ, ಗಂಟೆಯನ್ನು ಆಪಾದನೆಯಾಗಿ ಏರಿಸುತ್ತೇವೆ.

ಅದೇ ಶಾಸ್ತ್ರದಲ್ಲಿ ಇನ್ನೊಂದು ಮಾತಿದೆ, 'ಇಸ್ತಿತಾಅತ್'. ಎಂದರೆ ಸಾಮರ್ಥ್ಯ. ಹಜ್ ಕಡ್ಡಾಯವಾಗುವುದು ಮಕ್ಕಾಕ್ಕೆ ಹೋಗುವ ಸಾಮರ್ಥ್ಯ ಉಳ್ಳವರಿಗೆ ಮಾತ್ರ. ಈ ಸಾಮರ್ಥ್ಯವನ್ನು ವಿವರಿಸುವಾಗ ಫುಕಹಾಗಳು ಮೈಲಿಗಳನ್ನು ಎಣಿಸಲಿಲ್ಲ. ದಾರಿಯ ಖರ್ಚಿದೆಯೇ, ವಾಹನವಿದೆಯೇ, ದಾರಿ ಸುರಕ್ಷಿತವೇ, ಆರೋಗ್ಯವಿದೆಯೇ, ಹಿಂದೆ ಬಿಟ್ಟುಹೋಗುವ ಮಡದಿ ಮಕ್ಕಳ ಅನ್ನಕ್ಕೆ ವ್ಯವಸ್ಥೆಯಿದೆಯೇ ಎಂದು ಕೇಳಿದರು. ಮಕ್ಕಾದ ಪಕ್ಕದ ಊರಿನವನಿಗೆ ಇವು ಇಲ್ಲದಿರಬಹುದು, ಜಾವಾದವನಿಗೆ ಇರಬಹುದು. ವೇಗ ಹೆಚ್ಚಿದ ಮಾತ್ರಕ್ಕೆ ಸಾಮರ್ಥ್ಯ ಹೆಚ್ಚುತ್ತದೆ ಎನ್ನುವಂತೆಯೂ ಇಲ್ಲ. ಮುಂಬಯಿಯಿಂದ ಜಿದ್ದಾಕ್ಕೆ ಹಾಜಿಗಳನ್ನು ಒಯ್ಯುತ್ತಿದ್ದ ಹಡಗು ನಿಧಾನವಾಗಿತ್ತು, ಆದರೆ ಅದು ಬಡ ಹಾಜಿಯ ದಾರಿಯಾಗಿತ್ತು. ಅದು 1995ರಲ್ಲಿ ನಿಂತಿತು. ವಿಮಾನ ವಾರದ ದಾರಿಯನ್ನು ಕೆಲವೇ ಗಂಟೆಗೆ ತಂದಿತು. ಆದರೆ ಜೇಬಿನ ದೂರ ಗಂಟೆಗಳ ಜೊತೆ ಇಳಿಯಲಿಲ್ಲ.

ಈ ಮಾತಿನ ಬೆಳಕಿನಲ್ಲಿ ಮಂಗಳೂರು-ದುಬೈ ದಾರಿಯನ್ನು ಮತ್ತೊಮ್ಮೆ ನೋಡೋಣ. ದುಬೈಯಲ್ಲಿ ಸ್ವಂತ ಅಂಗಡಿಯಿರುವವನಿಗೆ, ಕಂಪೆನಿಯ ದೊಡ್ಡ ಹುದ್ದೆಯಲ್ಲಿರುವವನಿಗೆ ಅದು ನಿಜವಾಗಿಯೂ ನಾಲ್ಕು ಗಂಟೆ. ಕಟ್ಟಡ ಕೆಲಸದ ಕ್ಯಾಂಪಿನಲ್ಲಿರುವವನಿಗೆ ಅದು ಎರಡು ವರ್ಷದ ಕರಾರು. ನೌಕರನ ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳಬಾರದೆಂದು ಅಲ್ಲಿಯ ಕಾನೂನು ಹೇಳಿದರೂ ಇಟ್ಟುಕೊಳ್ಳುವವರು ಇದ್ದಾರೆ. ಸೌದಿಯಲ್ಲಂತೂ 2021ರ ಮಾರ್ಚ್‌ನಲ್ಲಿ ನಿಯಮ ಬದಲಾಗುವವರೆಗೆ ಖಾಸಗಿ ನೌಕರನು ದೇಶ ಬಿಡಲು ಮಾಲೀಕನ ಒಪ್ಪಿಗೆ ಬೇಕಿತ್ತು. ಮನೆಗೆಲಸದವರಿಗೆ, ಚಾಲಕರಿಗೆ ಆ ಬದಲಾವಣೆಯೂ ಅನ್ವಯಿಸಲಿಲ್ಲ. ಇನ್ನು ಟಿಕೆಟ್ಟಿನ ವಿಷಯ. ಈದ್ ಬಂದಾಗ, ಶಾಲೆಗಳ ರಜೆ ಬಂದಾಗ, ಅಂದರೆ ಮನುಷ್ಯನಿಗೆ ಮನೆ ಹೆಚ್ಚು ನೆನಪಾಗುವ ಹೊತ್ತಿಗೆ ಸರಿಯಾಗಿ ಅದರ ಬೆಲೆ ಏರುತ್ತದೆ. ಇವೆಲ್ಲವನ್ನೂ ಕೂಡಿಸಿದರೆ ಬರುವ ಮೊತ್ತವೇ ಆ ಮನುಷ್ಯನ ದೂರ. ಒಂದೇ ವಿಮಾನದ ಅಕ್ಕಪಕ್ಕದ ಆಸನಗಳಲ್ಲಿ ಕುಳಿತ ಇಬ್ಬರು ಒಂದೇ ದೂರವನ್ನು ಕ್ರಮಿಸಿ ಬಂದವರಲ್ಲ.

2020ರಲ್ಲಿ ಒಂದು ವಿಚಿತ್ರ ನಡೆಯಿತು. ಮಾರ್ಚ್ ತಿಂಗಳ ಕೊನೆಯ ಹೊತ್ತಿಗೆ ಕೊರೊನಾದ ಕಾರಣ ಅಂತಾರಾಷ್ಟ್ರೀಯ ವಿಮಾನಗಳೆಲ್ಲ ನಿಂತವು. ಮೇ ತಿಂಗಳಲ್ಲಿ ಸರಕಾರ ವಿಶೇಷ ವಿಮಾನಗಳನ್ನು ಕಳುಹಿಸುವವರೆಗೆ ದುಬೈಯಿಂದ ಮಂಗಳೂರಿಗೆ ಬರುವ ದಾರಿಯೇ ಇರಲಿಲ್ಲ. 2,460 ಕಿಲೋಮೀಟರ್ ಅಳಿಸಿಹೋಗಿ ಅಲ್ಲಿ ಬೆನ್ ಯಿಜುವಿನ ಸಮುದ್ರ ಮತ್ತೆ ತುಂಬಿಕೊಂಡಿತು. ಗಾಳಿಗೆ ಕಾಯುವಂತೆ ಜನ ಅನುಮತಿಗೆ ಕಾದರು. ತಂದೆಯ ಜನಾಜಾವನ್ನು ಮೊಬೈಲಿನ ಪರದೆಯಲ್ಲಿ ನೋಡಿ ಸಫ್ ಕಟ್ಟಲಾರದೆ ನಿಂತವರಲ್ಲಿ ಶ್ರೀಮಂತರೂ ಇದ್ದರು. ಅವರಿಗೆ ಜೀವನದಲ್ಲಿ ಮೊದಲ ಬಾರಿಗೆ, ಹಣವಿದ್ದೂ ಹೋಗಲಾಗದ ಸ್ಥಿತಿ ಅರ್ಥವಾಯಿತು. ಕ್ಯಾಂಪಿನ ಕಾರ್ಮಿಕನಿಗೆ ಅದು ಹೊಸತಾಗಿರಲಿಲ್ಲ. ಆ ತಿಂಗಳುಗಳಲ್ಲಿ ಊರಿನಲ್ಲಿ ಯಾರೂ "ಬರಲಾಗಲಿಲ್ಲವೇ" ಎಂದು ಕೇಳಲಿಲ್ಲ. ಅಡ್ಡಿ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಕಾಣದ ಅಡ್ಡಿಗಳನ್ನು ಅಡ್ಡಿಯೆಂದು ಒಪ್ಪಲು ನಮಗೆ ಯಾಕೆ ಇಷ್ಟು ಕಷ್ಟ?

ಇನ್ನೊಂದು ನೆನಪೂ ಇದೇ ದಾರಿಯದು. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯಲ್ಲಿ ಇಳಿದು, ನಿಲ್ಲಲಾರದೆ ಕಂದಕಕ್ಕೆ ಉರುಳಿತು. 166 ಜನರಲ್ಲಿ 158 ಜನ ತೀರಿಹೋದರು, ಎಂಟು ಜನ ಉಳಿದರು. ಊರಿನ ನೆಲ ಮುಟ್ಟಿದ ಮೇಲೆ ಊರು ತಪ್ಪಿತು. ನಾಲ್ಕು ಗಂಟೆ ಎಂದು ನಾವು ಸಲೀಸಾಗಿ ಹೇಳುವ ಹೊತ್ತು ಯಾರ ಹಕ್ಕೂ ಅಲ್ಲ, ಪ್ರತಿ ಬಾರಿಯೂ ಅದು ಒಂದು ಕೊಡುಗೆ ಎಂಬುದನ್ನು ಆ ಬೆಳಗು ಕಲಿಸಿತು. ಹಾಗೆ ಹೊರಟು ಬಂದವರನ್ನು, ಬರಲಾಗದೆ ಅಲ್ಲೇ ಉಳಿದವರನ್ನು ಗಂಟೆಯ ಲೆಕ್ಕದಲ್ಲಿ ತೂಗುವ ಮೊದಲು ನಾಲಿಗೆ ಸ್ವಲ್ಪ ತಡೆಯಬೇಕಲ್ಲವೇ?

ಹಾಗಾದರೆ ಬಾರದವರೆಲ್ಲರೂ ನಿರ್ದೋಷಿಗಳೇ? ಹಾಗೆಂದು ನಾವು ಹೇಳುತ್ತಿಲ್ಲ. ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಬರಬಲ್ಲವರು, ಬರಲು ಹಣವೂ ರಜೆಯೂ ಇರುವವರು, ಆದರೂ "ದೂರ ಅಲ್ಲವೇ" ಎಂದು ಕೈತೊಳೆಯುವವರು ಇದ್ದಾರೆ. ಪ್ರತಿ ತಿಂಗಳು ತಪ್ಪದೆ ಹಣ ಕಳುಹಿಸುತ್ತಾರೆ, ತಾಯಿಗೆ ಬೇಕಾದದ್ದು ಹಣವಲ್ಲವೆಂಬುದನ್ನು ತಿಳಿದೂ ಕಳುಹಿಸುತ್ತಾರೆ. ಸಮುದ್ರ ಇವರ ಪರವಾಗಿ ಸಾಕ್ಷಿ ಹೇಳುವ ಕಾಲ ಮುಗಿಯಿತು. ಮನುಷ್ಯನ ಕೈಗೆ ಒಂದು ಸಾಮರ್ಥ್ಯ ಬಂದಾಗ ಅದರ ಜೊತೆಗೆ ಒಂದು ಹೊಣೆಯೂ ಬರುತ್ತದೆ. ಆಸ್ಟ್ರೇಲಿಯಾದ ತತ್ವಜ್ಞಾನಿ ಪೀಟರ್ ಸಿಂಗರ್ 1972ರ ಒಂದು ಪ್ರಸಿದ್ಧ ಪ್ರಬಂಧದಲ್ಲಿ, ಬಂಗಾಳದ ಹಸಿವಿನ ಹಿನ್ನೆಲೆಯಲ್ಲಿ, ಸಹಾಯ ಮಾಡಬಲ್ಲವನಿಗೆ ದೂರವು ನೈತಿಕ ವಿನಾಯಿತಿ ಕೊಡುವುದಿಲ್ಲವೆಂದು ವಾದಿಸಿದರು. ಕಣ್ಣೆದುರಿನ ಕೊಳದಲ್ಲಿ ಮುಳುಗುವ ಮಗುವಿಗೂ ಸಾವಿರಾರು ಮೈಲಿ ಆಚೆ ಹಸಿದ ಮಗುವಿಗೂ ನಮ್ಮ ಹೊಣೆ ಬೇರೆಯಲ್ಲ ಎಂದರು. ಆ ವಾದದ ತಿರುಳೂ ಮಾಡಬಲ್ಲವನು, ಮಾಡಲಾರದವನು ಎಂಬ ಭೇದವೇ. ಅಂದರೆ ಬೇರೆ ದಾರಿಯಲ್ಲಿ ಬಂದ ಇಸ್ತಿತಾಅತ್.

ಇನ್ನು ಊರಿನಲ್ಲೇ ಇರುವ ನಮ್ಮ ಸರದಿ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯಂತೆ, ದೂರದವರ ಕರ್ತವ್ಯ ನಮಗೆ ಸದಾ ಸ್ಪಷ್ಟವಾಗಿ ಕಾಣುತ್ತದೆ. ಮುಂದಿನ ಓಣಿಯ ಚಿಕ್ಕಮ್ಮನ ಮನೆಗೆ ಹೋಗಿ ಎಷ್ಟು ತಿಂಗಳಾಯಿತು? ಅಲ್ಲಿಗೆ ವಿಮಾನ ಬೇಡ, ವೀಸಾ ಬೇಡ, ಕಾಲು ಸಾಕು. ರಕ್ತಸಂಬಂಧವನ್ನು ಉಳಿಸುವುದರ ಬಗ್ಗೆ ಪ್ರವಾದಿಯವರು ಕಲಿಸಿದ್ದೇನೆಂದರೆ, ಬಂದವರ ಮನೆಗೆ ತಾನೂ ಹೋಗುವುದು ಬರಿಯ ಲೆಕ್ಕ ಚುಕ್ತಾ ಮಾಡಿದಂತೆ, ಕಡಿದವರೊಡನೆ ತಾನಾಗಿ ಜೋಡಿಸಿಕೊಳ್ಳುವವನೇ ನಿಜವಾಗಿ ಸಂಬಂಧ ಉಳಿಸುವವನು. ಈ ಬೋಧನೆಯಲ್ಲಿ ಮೈಲಿಯ ಮಾತೇ ಇಲ್ಲ.

ಆದ್ದರಿಂದ ನಮಗೆ ತೋರುವ ದಾರಿ ಇದು. ಇನ್ನೊಬ್ಬರ ದೂರವನ್ನು ಅಳೆಯುವಾಗ ಇಸ್ತಿತಾಅತ್‌ನಿಂದ ಅಳೆಯಬೇಕು, ನಮ್ಮ ದೂರವನ್ನು ಅಳೆಯುವಾಗ ಗಂಟೆಯಿಂದ. ಬಾರದವನ ಬಗ್ಗೆ ಅವನಿಗೆ ಏನು ಅಡ್ಡಿಯಿತ್ತೋ ಎಂದು ಮೊದಲು ಯೋಚಿಸಬೇಕು, ನಮ್ಮ ಬಗ್ಗೆ ನಾಲ್ಕೇ ಗಂಟೆಯಲ್ಲವೇ ಎಂದು ಮೊದಲು ಕೇಳಿಕೊಳ್ಳಬೇಕು. ನಾವು ಸಾಮಾನ್ಯವಾಗಿ ಮಾಡುವುದು ಇದರ ತಲೆಕೆಳಗು. ಸಮಾಜದ ಹೊಣೆಯೂ ಇಲ್ಲಿಂದಲೇ ಶುರುವಾಗುತ್ತದೆ. ಮನುಷ್ಯರು ಕಟ್ಟಿದ ದೂರವನ್ನು ಮನುಷ್ಯರೇ ಕೆಡವಬೇಕು. ಮಸೀದಿ ಕಮಿಟಿಗಳು ಮದುವೆಗೆ, ಓದಿಗೆ ಸಹಾಯ ಮಾಡುತ್ತವೆ. ತಾಯಿಯ ಸಾವಿನ ಸುದ್ದಿ ಕೇಳಿ ಕ್ಯಾಂಪಿನಲ್ಲಿ ಕುಳಿತವನ ಟಿಕೆಟ್ಟಿಗೂ ಒಂದು ನಿಧಿ ಇರಬಾರದೇ? ಗಲ್ಫಿನಲ್ಲಿರುವ ನಮ್ಮ ಸಂಘಗಳು ಸಮ್ಮೇಳನಗಳಿಗೆ ಮಾಡುವ ಖರ್ಚಿನ ಒಂದು ಪಾಲನ್ನು, ಆ ದಿನ ಮಾಲೀಕನ ಬಾಗಿಲು ತಟ್ಟಿ ಪಾಸ್‌ಪೋರ್ಟ್ ಬಿಡಿಸಿ ತರುವ ಒಬ್ಬ ಮನುಷ್ಯನಿಗಾಗಿ ಇಡಬಾರದೇ?

ಕೊನೆಯದಾಗಿ ಹನಫಿ ಫಿಖ್‌ಹಿನ ಒಂದು ಚಿಕ್ಕ ನಿಯಮವನ್ನು ಹೇಳಬೇಕು. ಪರಊರಿಗೆ ಹೋದ ಪ್ರಯಾಣಿಕನು ಅಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಂಗುವ ಸಂಕಲ್ಪ ಮಾಡಿದರೆ ಮಾತ್ರ ಅವನು ಅಲ್ಲಿಯ ನಿವಾಸಿ ಎನಿಸುತ್ತಾನೆ. ಅದು 'ವತನೆ ಇಕಾಮತ್', ತಂಗುವ ಊರು. ಅಲ್ಲಿಂದ ಹೊರಟರೆ ಆ ಸ್ಥಾನ ಮುಗಿಯುತ್ತದೆ. ಆದರೆ ಮನುಷ್ಯನಿಗೆ 'ವತನೆ ಅಸ್ಲಿ' ಎಂಬ ಮೂಲದ ಊರೊಂದಿದೆ. ಇಪ್ಪತ್ತು ವರ್ಷ ಹೊರಗಿದ್ದವನೂ ಅದನ್ನು ತೊರೆಯದೆ ಇದ್ದು, ಒಂದೇ ದಿನದ ಮಟ್ಟಿಗೆ ಅಲ್ಲಿಗೆ ಬಂದರೂ ಆ ಊರಿನ ಗಡಿ ದಾಟಿದ ಕ್ಷಣದಿಂದ ಅವನು ಪ್ರಯಾಣಿಕನಲ್ಲ. ಅವನು ನಮಾಜನ್ನು ಅರ್ಧ ಮಾಡುವಂತಿಲ್ಲ, ಪೂರ್ತಿ ಮಾಡಬೇಕು. ಯಾವ ಸಂಕಲ್ಪವೂ ಬೇಡ, ಯಾವ ದಿನದ ಲೆಕ್ಕವೂ ಬೇಡ.

ಶಾಸ್ತ್ರ ಒಬ್ಬನನ್ನು ಇಷ್ಟು ಸುಲಭವಾಗಿ ಮನೆಯವನೆಂದು ಒಪ್ಪುವಾಗ, ಮೂರನೆಯ ದಿನ ಬಂದ ಮಗನನ್ನು ತಡವಾಗಿ ಬಂದ ಅತಿಥಿಯಂತೆ ನೋಡುವ ಅಧಿಕಾರ ಬೇರೆಯವರಿಗೆ ಎಲ್ಲಿಂದ ಬಂತು? ಅವನಿಗೆ ಮೊದಲು ನೀರು ಕೊಡೋಣ, ಕಬರಿನ ದಾರಿ ತೋರಿಸೋಣ. ದಾರಿ ಎಷ್ಟು ಗಂಟೆಯದಾಗಿತ್ತೆಂದು ಅವನೇ ಹೇಳಲಿ.